ಆನೆಯ ಮನೆಗೆ ಹೋದ ಕಾಲಾಳು

ಮೂವತ್ತೆರಡು ವರ್ಷ ಸರ್ವೆ ಇಲಾಖೆಯಲ್ಲಿ ಮಹಜರು ಬರೆದ ಕೈ ನನ್ನದು. ಸ್ಥಳದಲ್ಲಿ ಯಾರು ಯಾರು ಹಾಜರಿದ್ದರು ಎಂದು ಮೊದಲು ನಮೂದಿಸದೆ ಪೆನ್ನು ಮುಂದಕ್ಕೆ ಹೋಗುವುದಿಲ್ಲ. ಆದ್ದರಿಂದ ಅದನ್ನೇ ಮೊದಲು ಮುಗಿಸಿಬಿಡುತ್ತೇನೆ. ಸ್ಥಳ: ಕೊಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರ, ಪುಟ್ಟಪ್ಪನ ಟೈಲರ್ ಅಂಗಡಿ. ಸಮಯ: ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆ. ಹಾಜರಿದ್ದವರು ಮೂವರು. ಒಬ್ಬ ಪುಟ್ಟಪ್ಪ, ತುಟಿಯ ನಡುವೆ ಎರಡು ಗುಂಡುಸೂಜಿ ಕಚ್ಚಿಕೊಂಡೇ ದೇಶದ ವಿದ್ಯಮಾನಗಳ ಬಗ್ಗೆ ಮಾತಾಡಬಲ್ಲವನು. ಇನ್ನೊಬ್ಬರು ಶ್ರೀಧರಮೂರ್ತಿಗಳು; ಬ್ಯಾಂಕಿನ ಮ್ಯಾನೇಜರಾಗಿದ್ದು ನಿವೃತ್ತರಾದ ಮೇಲೆ ಶೃಂಗೇರಿಯಲ್ಲಿ ನೆಲೆಸಿ, ಪ್ರತಿ ಶನಿವಾರ ಚದುರಂಗ ಆಡಲೆಂದೇ ಬಸ್ಸು ಹತ್ತಿ ಕೊಪ್ಪಕ್ಕೆ ಬರುವವರು. ಮೂರನೆಯವನು ನಾನು, ನಮ್ಮ ಚದುರಂಗ ಬಳಗದ ಅಧ್ಯಕ್ಷ.

ಬಳಗ ಎಂದೊಡನೆ ದೊಡ್ಡದನ್ನು ಕಲ್ಪಿಸಿಕೊಳ್ಳಬೇಡಿ. ಈಗ ಹೆಸರಿಸಿದ ಮೂವರೇ ಬಳಗ. ಅದರಲ್ಲೂ ಪುಟ್ಟಪ್ಪನಿಗೆ ಆಟ ಬರುವುದಿಲ್ಲ. ಹಲಗೆ ಇಡುವ ಕಪಾಟು ಅವನದಾದ್ದರಿಂದ ಸದಸ್ಯನಾಗಿದ್ದಾನೆ. ಉಳಿದ ಇಬ್ಬರಲ್ಲಿ ಒಬ್ಬ ಅಧ್ಯಕ್ಷನಾಗಲೇಬೇಕಲ್ಲ, ನಾನಾದೆ. ಚುನಾವಣೆ ನಡೆದ ದಿನ ಶ್ರೀಧರಮೂರ್ತಿಗಳ ಬಸ್ಸು ತಡವಾಗಿತ್ತು. ಅವರು ಅದನ್ನು ಇಂದಿಗೂ ಮರೆತಿಲ್ಲ. ಅಧ್ಯಕ್ಷನಾದವನಿಗೆ ಇರುವ ಸವಲತ್ತು ಎರಡು: ಇಸ್ತ್ರಿ ಮೇಜಿನ ಪಕ್ಕದ, ಬೆನ್ನಿಗೆ ಆಸರೆಯಿರುವ ಒಂದೇ ಒಂದು ಕುರ್ಚಿ, ಮತ್ತು ಪ್ರತಿ ಶನಿವಾರ ಅಂಗಡಿಯ ಮುಂದಿನ ಗಾಜಿಗೆ ಚದುರಂಗದ ಒಂದು ಸಮಸ್ಯೆಯನ್ನು ಅಂಟಿಸುವ ಅಧಿಕಾರ. ಉತ್ತರ ಮುಂದಿನ ಶನಿವಾರ. ರವಿಕೆ ಹೊಲಿಸಲು ಬಂದವರು ಅದನ್ನು ಹೊಸ ಕಸೂತಿ ವಿನ್ಯಾಸವೆಂದು ತಿಳಿದು ಬೆಲೆ ಕೇಳಿದ್ದುಂಟು.

ಆ ಶನಿವಾರದ ಸಮಸ್ಯೆ ನನ್ನ ಕೈಗೆ ಬಂದ ಬಗೆಯನ್ನು ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯಾಗುತ್ತದೆ. ನೆಮ್ಮಾರಿನಿಂದ ನನ್ನ ಸೋದರತ್ತೆ ಜಾನಕತ್ತೆ ಹಲ್ಲಿನ ಸೆಟ್ ಮಾಡಿಸಿಕೊಳ್ಳಲು ಬಂದು ನಮ್ಮ ಮನೆಯಲ್ಲಿ ಉಳಿದಿದ್ದರು. ಹಲ್ಲಿನ ಡಾಕ್ಟರರ ಕೋಣೆ ಇರುವುದು ಪುಟ್ಟಪ್ಪನ ಅಂಗಡಿಯ ಮಹಡಿಯ ಮೇಲೇ. ಅತ್ತೆಯ ಬಾಯಿಯ ಅಚ್ಚು ತೆಗೆಯುತ್ತಿದ್ದಾಗ ನಾನು ಹೊರಗೆ ಕೂತು ಒಂದು ಹಳೆಯ ಪತ್ರಿಕೆಯನ್ನು ತಿರುವುತ್ತಿದ್ದೆ. ಹಲ್ಲಿನ ಡಾಕ್ಟರರಲ್ಲಿ ಇರುವ ಪತ್ರಿಕೆಗಳ ವಯಸ್ಸು ನಿಮಗೆ ಗೊತ್ತೇ ಇದೆ. ಅದರಲ್ಲಿ ಗೆಲ್ಲುವರೆಂದು ಬರೆದವರೆಲ್ಲ ಸೋತು ಎಷ್ಟೋ ಕಾಲವಾಗಿರುತ್ತದೆ. ಅದರ ಒಂದು ಪುಟದಲ್ಲಿ ಚದುರಂಗದ ಸಮಸ್ಯೆಯಿತ್ತು. ನಾನು ಅತ್ತಿತ್ತ ನೋಡಿದೆ. ಒಂದು ಕೆಮ್ಮು ಕೆಮ್ಮಿ, ಆ ಸದ್ದಿನಲ್ಲಿ ಪುಟ ಹರಿದೆ. ಕೆಳಗಿಳಿದು ಬಂದು ಗಾಜಿಗೆ ಅಂಟಿಸಿದೆ. ಉತ್ತರ ಬೇರೆ ಪುಟದಲ್ಲಿದೆ ಎಂದು ಕೆಳಗೆ ಸಣ್ಣಕ್ಷರದಲ್ಲಿ ಅಚ್ಚಾಗಿದ್ದುದು ಅಂಟಿಸಿದ ಮೇಲೆ ಕಣ್ಣಿಗೆ ಬಿತ್ತು. ಇರಲಿ, ಇಷ್ಟು ಸುಲಭದ್ದಕ್ಕೆ ಉತ್ತರ ಯಾರಿಗೆ ಬೇಕು ಅಂದುಕೊಂಡೆ.

ಸುಲಭವಾಗಿಯೇ ಕಾಣುತ್ತಿತ್ತು, ನೀವೇ ನೋಡಿ. ಹಲಗೆಯ ಮೇಲೆ ನಾಲ್ಕೇ ಕಾಯಿ. ಬಿಳಿಯ ಕಡೆಗೆ ಒಬ್ಬ ರಾಜ, ಒಬ್ಬ ಕಾಲಾಳು, ಕಪ್ಪಿಗೂ ಅಷ್ಟೇ. ಕಪ್ಪು ರಾಜ ಬಿಳಿಯರ ಸೀಮೆಗೆ ಬಂದು, ಬಲಗಡೆಯ ಅಂಚಿನಲ್ಲಿ, ಮೂಲೆಗೆ ಒಂದು ಹೆಜ್ಜೆ ದೂರದಲ್ಲಿ ನಿಂತಿದ್ದಾನೆ. ಅವನ ಬೆನ್ನಿಗೇ ಅವನ ಕಾಲಾಳು. ಆ ಬಡಪಾಯಿ ಮುಂದೆ ಹೋಗಬೇಕೆಂದರೆ ಸ್ವಂತ ರಾಜನೇ ಅಡ್ಡ. ಸರ್ಕಾರಿ ನೌಕರಿ ಮಾಡಿದವರಿಗೆ ಈ ಸ್ಥಿತಿಯನ್ನು ವಿವರಿಸಬೇಕಾಗಿಲ್ಲ. ಒಂದು ಮನೆಯ ಅಂತರ ಬಿಟ್ಟು ಬಿಳಿಯ ರಾಜ ಕಾವಲು ನಿಂತಿದ್ದಾನೆ. ಬಿಳಿಯ ಕಾಲಾಳು ದೂರದ ಎಡ ಅಂಚಿನಲ್ಲಿ, ಕೊನೆಯ ಸಾಲಿಗೆ ಇನ್ನೊಂದೇ ಹೆಜ್ಜೆ ಎನ್ನುವಲ್ಲಿದ್ದಾನೆ. ನಡೆ ಬಿಳಿಯದು. ಮೂರನೆಯ ನಡೆಗೆ ಕಪ್ಪು ರಾಜನನ್ನು ಹಿಡಿಯಬೇಕು.

ಕೊನೆಯ ಸಾಲು ಮುಟ್ಟಿದ ಕಾಲಾಳನ್ನು ತೆಗೆದು ಅಲ್ಲಿ ಬೇಕಾದ ಕಾಯಿ ಇಟ್ಟುಕೊಳ್ಳಬಹುದು ಎಂಬುದು ಈಗಿನ ನಿಯಮ. ಬೇಕಾದ ಕಾಯಿ ಎಂದರೂ ಎಲ್ಲರೂ ಇಡುವುದು ಮಂತ್ರಿಯನ್ನೇ. ನೇರಕ್ಕೂ ಓರೆಗೂ ಎಷ್ಟು ದೂರ ಬೇಕಾದರೂ ಹೋಗುವ ಕಾಯಿ ಅದೊಂದೇ ಅಲ್ಲವೇ?

"ಇದೆಂತ ಅಧ್ಯಕ್ಷರೇ, ಒಂದನೇ ಕ್ಲಾಸಿನ ಲೆಕ್ಕ ಅಂಟಿಸಿದ್ದೀರಿ?" ಎಂದರು ಶ್ರೀಧರಮೂರ್ತಿಗಳು. "ಕಾಲಾಳು ಮುಂದೆ, ಮಂತ್ರಿ, ಮುಗೀತು."

"ಮತ್ತೆ? ನಿಮಗೂ ಒಂದು ಸಲ ಉತ್ತರ ಬರ್ಲಿ ಅಂತ ಅಂಟಿಸಿದೆ" ಎಂದೆ ನಾನು.

ಅವರು ಗಾಜಿಗೆ ಮೂಗು ತಾಗಿಸಿ ಮತ್ತೆ ನೋಡಿದರು. ಆಮೇಲೆ ಬಹಳ ನಿಧಾನವಾಗಿ ನನ್ನ ಕಡೆ ತಿರುಗಿದರು. ಸಾಲದ ಅರ್ಜಿಯಲ್ಲಿ ಸಹಿ ಬಿಟ್ಟುಹೋದದ್ದು ಕಂಡಾಗ ಬ್ಯಾಂಕಿನವರ ಮುಖದಲ್ಲಿ ಮೂಡುವ ಒಂದು ಸಂತೋಷವಿದೆ, ಅದು ಅವರ ಮುಖದಲ್ಲಿತ್ತು.

"ಅಧ್ಯಕ್ಷರೇ, ಮಂತ್ರಿ ಮಾಡಿದ್ರೆ ಆಟ ಡ್ರಾ."

ನಾನೂ ನೋಡಿದೆ. ಹೌದು. ಎಡಗಡೆಯ ಮೇಲಿನ ಮೂಲೆಯಲ್ಲಿ ಮಂತ್ರಿ ಕೂತೊಡನೆ ಅವನ ಓರೆನೋಟ ಇಡೀ ಹಲಗೆಯನ್ನು ಹಾಯ್ದು ಬಲಗಡೆಯ ಕೆಳಗಿನ ಮೂಲೆಯವರೆಗೆ ಬರುತ್ತದೆ. ಕಪ್ಪು ರಾಜನಿಗೆ ಕಾಲಿಡಲು ಉಳಿದಿದ್ದದ್ದು ಆ ಮೂಲೆಯ ಮನೆ ಒಂದೇ, ಅದೂ ಹೋಯಿತು. ಅವನ ಮೇಲೆ ಯಾರೂ ದಾಳಿ ಮಾಡಿಲ್ಲ, ಆದರೆ ಅವನಿಗೆ ನಡೆಯಲು ಜಾಗವೂ ಇಲ್ಲ. ಇದಕ್ಕೆ ಸ್ಟೇಲ್‌ಮೇಟ್ ಎನ್ನುತ್ತಾರೆ. ಗೆದ್ದೆನೆಂದು ಎದ್ದು ನಿಂತವನನ್ನು ಕೈಹಿಡಿದು ಕೂರಿಸಿ, ಇಬ್ಬರಿಗೂ ಸಮ ಎಂದು ಹೇಳುವ ನಿಯಮ ಅದು.

"ಉತ್ತರ ನಿಮಗೆ ಗೊತ್ತಿದೆ ತಾನೇ?"

"ಗೊತ್ತಿಲ್ದೆ ಅಂಟಿಸ್ತೇನಾ ಮಾರಾಯ್ರೇ?"

ಆ ದಿನದ ಮೊದಲ ಸುಳ್ಳು ಅದು. ಅದಕ್ಕೆ ಕಾರಣವೂ ಇತ್ತು. ಅದೇ ವಾರ ನರಸಿಂಹರಾಜಪುರದಿಂದ ಒಂದು ಕಾಗದ ಬಂದಿತ್ತು. ಅಲ್ಲಿ ಮುಂದಿನ ತಿಂಗಳು ಚದುರಂಗದ ಪಂದ್ಯಾವಳಿ. ತೀರ್ಪುಗಾರರಾಗಿ ನಿಮ್ಮ ಬಳಗದಿಂದ ಒಬ್ಬ ಬಲ್ಲವರನ್ನು ಕಳಿಸಿಕೊಡಿ ಎಂದು ಬರೆದಿದ್ದರು. ಬಲ್ಲವರು ಎಂಬ ಶಬ್ದದ ಕೆಳಗೆ ನಾನು ಆಗಲೇ ಪೆನ್ಸಿಲಿನಲ್ಲಿ ಗೆರೆ ಎಳೆದು, ಬಿಳಿ ಅಂಗಿಯೊಂದನ್ನು ಇಸ್ತ್ರಿಗೆ ಕೊಟ್ಟಿದ್ದೆ. ಜೀವಮಾನವೆಲ್ಲ ಇನ್ನೊಬ್ಬರ ಗಡಿ ಅಳೆದವನಿಗೆ ಒಂದು ದಿನ ವೇದಿಕೆಯ ಮೇಲೆ ಕೂತು ಇನ್ನೊಬ್ಬರ ಸೋಲು ಗೆಲುವು ಅಳೆಯುವ ಆಸೆ ಇರಬಾರದೇ?

ಶ್ರೀಧರಮೂರ್ತಿಗಳಿಗೂ ಅದೇ ಆಸೆ ಇತ್ತು. "ಹಾಗಾದ್ರೆ ಒಂದು ಕೆಲಸ ಮಾಡುವ" ಎಂದರು. "ಮುಂದಿನ ಶನಿವಾರ ಇದೇ ಹೊತ್ತಿಗೆ ಉತ್ತರ ತೋರ್ಸಿ. ತೋರ್ಸಿದ್ರೆ ಎನ್.ಆರ್. ಪುರಕ್ಕೆ ನೀವು. ಇಲ್ದಿದ್ರೆ ನಾನು. ಆ ಕುರ್ಚಿಯೂ ನನಗೆ."

"ಕುರ್ಚಿ ನಂದು" ಎಂದ ಪುಟ್ಟಪ್ಪ, ಸೂಜಿ ತೆಗೆಯದೆ.

ನಾನು ಒಪ್ಪಿದೆ. ಒಪ್ಪಿದವನೇ ಅತ್ತೆಯನ್ನು ಕರೆತರುವ ನೆವದಲ್ಲಿ ಮಹಡಿ ಹತ್ತಿ, ಉತ್ತರವಿದ್ದ ಆ ಪತ್ರಿಕೆಗಾಗಿ ಹುಡುಕಿದೆ. ಇರಲಿಲ್ಲ. ಹಲ್ಲು ಕೀಳಿಸಿಕೊಂಡ ಯಾರೋ ಸಮಾಧಾನಕ್ಕೆಂದು ಅದನ್ನು ಮನೆಗೇ ಒಯ್ದಿದ್ದರು. ಎಂಥ ಜನ! ಒಂದು ಪುಟ ಹರಿಯುವುದಕ್ಕೆ ನಾನು ಕೆಮ್ಮಬೇಕಾಯಿತು. ಇವರು ಇಡೀ ಪತ್ರಿಕೆಯನ್ನು ನರಳುತ್ತಾ ಸಾಗಿಸಿಬಿಟ್ಟಿದ್ದರು.

ಆ ವಾರ ನಾನು ಬಿಡಿಸಿದ ಬಗೆಯನ್ನು ಕೇಳಿ. ಭಾನುವಾರ, ರಾಜನನ್ನು ಮೊದಲು ನಡೆಸಿದರೆ ಹೇಗೆ ಎಂದು ಅವನು ಹೋಗಬಲ್ಲ ಎಲ್ಲ ದಿಕ್ಕಿಗೂ ನಡೆಸಿದೆ. ಗೆಲುವು ಬಂದರೂ ಮೂರು ನಡೆಯಲ್ಲಿ ಬರಲಿಲ್ಲ. ಸೋಮವಾರ, ಇದು ಅಚ್ಚಿನ ತಪ್ಪಿರಬೇಕು ಎಂಬ ತೀರ್ಮಾನಕ್ಕೆ ಬಂದೆ. ತನಗೆ ತಿಳಿಯದ್ದು ಅಚ್ಚಿನ ತಪ್ಪು ಎಂದುಕೊಂಡಾಗ ಮನಸ್ಸಿಗೆ ಆಗುವ ನಿರಾಳ ದೊಡ್ಡದು. ವಿದ್ವಾಂಸರು ಏಕೆ ಅಷ್ಟು ನೆಮ್ಮದಿಯಾಗಿರುತ್ತಾರೆ ಎಂಬುದು ಅಂದು ಹೊಳೆಯಿತು. ಮಂಗಳವಾರ ಆ ನಿರಾಳವೂ ಹೋಯಿತು. ಬುಧವಾರ ಫೋನನ್ನು ಹಿಡಿದುಕೊಂಡು ಸ್ನಾನದ ಮನೆಗೆ ಹೋಗಿ ಚಿಲಕ ಹಾಕಿಕೊಂಡೆ.

ಚಿಲಕ ಏಕೆಂದರೆ, ಫೋನಿನ ಸಹಾಯ ಪಡೆದವರನ್ನು ಬಳಗದಿಂದ ತೆಗೆಯಲಾಗುವುದು ಎಂಬ ನಿಯಮ ಮಾಡಿದವನು ನಾನೇ. ಆ ನಿಯಮವನ್ನು ಮಂಡಿಸುತ್ತಾ ಮನುಷ್ಯನ ಬುದ್ಧಿಯ ಘನತೆಯ ಬಗ್ಗೆ ಅರ್ಧ ಗಂಟೆ ಮಾತಾಡಿದ್ದೆ. ಈಗ ಬಕೆಟ್ಟಿನ ಮೇಲೆ ಕೂತು, ಒದ್ದೆ ಬೆರಳಲ್ಲಿ ನಾಲ್ಕು ಕಾಯಿ ಜೋಡಿಸಿ, ಕಾಲಾಳನ್ನು ಮುಂದೆ ತಳ್ಳಿದೆ. ನನ್ನನ್ನು ಒಂದು ಮಾತು ಕೇಳದೆ ಫೋನೇ ಅದನ್ನು ಮಂತ್ರಿ ಮಾಡಿತು. ಮಾಡಿ, ಆಟ ಡ್ರಾ ಎಂದು ಬರೆದು ತೋರಿಸಿತು. ಮೂರು ಸಲ ಆಡಿದೆ. ಮೂರು ಸಲವೂ ಅದೇ. ಕೊನೆಯ ಮನೆ ಮುಟ್ಟಿದವನು ಮಂತ್ರಿಯಲ್ಲದೆ ಬೇರೇನು ಆದಾನು ಎಂದು ಆ ಯಂತ್ರಕ್ಕೂ ಯಾರೋ ಮೊದಲೇ ಹೇಳಿಕೊಟ್ಟಿದ್ದರು. ಹಾಗಾಗಿ ಕದ್ದದ್ದಕ್ಕೂ ಫಲ ಸಿಗಲಿಲ್ಲ. ಬಾಗಿಲಾಚೆಯಿಂದ ಮನೆಯವಳು, "ಎಂತ, ಒಳಗೆ ಯಾರ ಹತ್ರ ಜಗಳ?" ಎಂದು ಕೇಳಿದಳು.

ಇಲ್ಲಿ ಜಾನಕತ್ತೆಯ ಆಟದ ಬಗ್ಗೆ ಎರಡು ಮಾತು ಹೇಳಬೇಕು. ನನಗೆ ಚದುರಂಗ ಕಲಿಸಿದವರು ಅವರೇ. ಬೇಸಿಗೆ ರಜೆಯಲ್ಲಿ ನೆಮ್ಮಾರಿಗೆ ಹೋದಾಗ ಬಟ್ಟೆಯ ಮೇಲೆ ಹೊಲಿದ ಹಾಸನ್ನು ಬಿಡಿಸಿ ಕೂರುತ್ತಿದ್ದರು. ಅವರಿಗೆ ಕಲಿಸಿದವರು ಅವರ ಅಜ್ಜ. ಆ ಅಜ್ಜನ ಕಾಲದ ಆಟದಲ್ಲಿ ಕಾಲಾಳು ಮೊದಲ ಸಲವೂ ಎರಡು ಮನೆ ಹಾರುವಂತಿಲ್ಲ, ಒಂದೊಂದೇ ಹೆಜ್ಜೆ. ರಾಜನಿಗೆ ಕಷ್ಟ ಬರುವ ಮೊದಲು ಒಮ್ಮೆ ಮಾತ್ರ ಕುದುರೆಯ ಹಾಗೆ ನೆಗೆಯುವ ಹಕ್ಕಿದೆ. ಕೊನೆಯ ಸಾಲಿಗೆ ಹೋದ ಕಾಲಾಳು ಯಾರ ಮನೆಗೆ ಹೋದನೋ ಅವನೇ ಆಗಬೇಕು: ಕುದುರೆ ಹೊರಟ ಮನೆಗೆ ಹೋದರೆ ಕುದುರೆ, ಒಂಟೆಯ ಮನೆಗೆ ಹೋದರೆ ಒಂಟೆ. ಇನ್ನೊಂದು ಕಟ್ಟಳೆ ಎಲ್ಲಕ್ಕಿಂತ ಕಟ್ಟುನಿಟ್ಟು: ಎದುರಿನವನಿಗೆ ಇಡಲು ಒಂದು ನಡೆಯೂ ಇಲ್ಲದ ಹಾಗೆ ಮಾಡಕೂಡದು. ಮಾಡಿದರೆ ಮಾಡಿದವನು ತನ್ನ ನಡೆಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ಹಿಡಿಯುವುದಾದರೆ ಎದುರಾಗಿ ಹಿಡಿ, ಉಸಿರುಕಟ್ಟಿಸಿ ಕೂರಿಸಬೇಡ ಎಂದು ಅದರ ಅರ್ಥ.

ಆಟ ನಮ್ಮ ಕಡೆಯಿಂದಲೇ ಹೊರಟು, ಪರ್ಷಿಯಾ ದಾಟಿ, ಯುರೋಪು ಸುತ್ತಿ ಬಂದದ್ದಂತೆ. ಹೊರಟಾಗ ಮಂತ್ರಿಗೆ ಇದ್ದದ್ದು ಓರೆಯಾಗಿ ಒಂದೇ ಮನೆ ನಡೆಯುವ ಅಧಿಕಾರ. ರಾಜನ ಪಕ್ಕ ನಿಂತು ಬುದ್ಧಿ ಹೇಳುವವನಿಗೆ ಅಷ್ಟು ಸಾಕು ಎಂದು ಹಿಂದಿನವರು ತಿಳಿದಿದ್ದರು. ಹಿಂದಿರುಗಿ ಬಂದಾಗ ಅವನಿಗೆ ಇಡೀ ಹಲಗೆಯೇ ಬೇಕಾಗಿತ್ತು. ಪಟ್ಟಣದಲ್ಲಿ ಓದಿ ಬಂದ ನಾನು ಈ ಹೊಸ ಆಟವನ್ನು ಕಲಿತು, ಒಂದು ಬೇಸಿಗೆಯಲ್ಲಿ ಅತ್ತೆಗೆ, "ನಿಮ್ಮದು ಆಟವೇ ಅಲ್ಲ, ಅಜ್ಜನ ಕಾಲದ ಗೊಡ್ಡು ಶಾಸ್ತ್ರ" ಎಂದುಬಿಟ್ಟಿದ್ದೆ. ಅವರು ಹಾಸನ್ನು ಮಡಿಸಿ ಒಳಗಿಟ್ಟರು. ಆಮೇಲೆ ನಾವಿಬ್ಬರೂ ಆಡಿದ್ದಿಲ್ಲ. ನನಗಾಗ ಇಪ್ಪತ್ತು ವರ್ಷ. ಆ ವಯಸ್ಸಿನಲ್ಲಿ ಮನುಷ್ಯನಿಗೆ ಎಲ್ಲ ನಿಯಮಗಳೂ ಗೊತ್ತಿರುತ್ತವೆ.

ಶುಕ್ರವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಹಲಗೆ ಹರಡಿಕೊಂಡು ಕೂತಿದ್ದೆ. ಹಲ್ಲಿಲ್ಲದ ಬಾಯಿಗೆ ಗಂಜಿ ಮುಗಿಸಿ ಅತ್ತೆ ಬಂದು ನಿಂತರು.

"ಎಂತ ಮಾಣಿ, ವಾರದಿಂದ ಅದೇ ನಾಲ್ಕು ಕಾಯಿ ಇಟ್ಕೊಂಡು ಕೂತಿದೀಯ? ಉಳಿದದ್ದೆಲ್ಲ ಕಳ್ಕೊಂಡ್ಯಾ?"

ಅರವತ್ತನಾಲ್ಕು ವರ್ಷದವನನ್ನು ಮಾಣಿ ಎಂದು ಕರೆಯುವವರು ಈ ಲೋಕದಲ್ಲಿ ಈಗ ಅವರೊಬ್ಬರೇ.

"ಇದು ಸಮಸ್ಯೆ ಅತ್ತೆ. ಈಗಿನ ಕಾನೂನಿನದ್ದು. ನಿಮಗೆ ಆಗುವಂಥದ್ದಲ್ಲ."

"ಹೌದಾ? ನಡೆ ಯಾರದ್ದು?"

"ಬಿಳಿಯದ್ದು. ಮೂರು ನಡೆಯಲ್ಲಿ ಕಪ್ಪು ರಾಜನನ್ನು ಹಿಡೀಬೇಕು."

ಅವರು ಕೂರಲೂ ಇಲ್ಲ. ಕಿರುಬೆರಳಿನಿಂದ ಕಾಲಾಳನ್ನು ಮುಂದಕ್ಕೆ ಸರಿಸಿ, ಡಬ್ಬಿಯಲ್ಲಿ ಕೈಯಾಡಿಸಿ, ಬಿಳಿ ಆನೆಯೊಂದನ್ನು ತೆಗೆದು ಅದರ ಜಾಗದಲ್ಲಿ ಇಟ್ಟರು.

"ಆನೆ ಮನೆಗೆ ಹೋಗಿದಾನೆ, ಆನೆ ಆದ."

ನನಗೆ ನಗು ಬಂತು. "ಅತ್ತೆ, ಈಗ ಹಾಗಿಲ್ಲ. ಯಾವ ಮನೆಗೆ ಹೋದ್ರೂ ಮಂತ್ರಿ ಆಗ್ಬಹುದು."

"ಯಾರು ಬೇಕಾದ್ರೂ?"

"ಯಾರು ಬೇಕಾದ್ರೂ."

"ಓ, ಹಾಂಗಾದ್ರೆ ಈಗಿನ ಕಾಲಕ್ಕೆ ಸರಿಯಾಗೇ ಮಾಡಿದಾರೆ. ಇಡು ನೋಡುವ, ನಿನ್ನ ಮಂತ್ರಿನ."

ಇಟ್ಟೆ. ಅವರು ಕಪ್ಪು ರಾಜನ ತಲೆಯ ಮೇಲೆ ಬೆರಳಿಟ್ಟುಕೊಂಡು ಕೇಳಿದರು: "ಈಗ ಇವ ಎಲ್ಲಿಗೆ ಹೋಗ್ಬೇಕು?"

"ಎಲ್ಲಿಗೂ ಹೋಗುವ ಹಾಗಿಲ್ಲ."

"ಅಂದ್ರೆ ನಿನ್ನ ನಡೆ ತಪ್ಪು. ವಾಪಸ್ ತಗೋ." ಮತ್ತೆ ಸೇರಿಸಿದರು. "ಪಕ್ಕದವನಿಗೆ ಓಡಾಡ್ಲಿಕ್ಕೆ ದಾರಿ ಬಿಡಿ ಅಂತ ಊರೂರಿಗೆ ಹೋಗಿ ಹೇಳಿ ಸಂಬಳ ತಗೊಂಡವ ನೀನು. ಇಲ್ಲಿ ಕೂತು ಸುತ್ತ ಬೇಲಿ ಹಾಕ್ತಾ ಇದೀಯಲ್ಲ ಮಾಣಿ."

ಈ ಮಾತು ನನಗೆ ತಾಗಿತು. ಸರ್ವೆಯವನ ಬದುಕು ಎಂದರೆ ಜಮೀನು ಅಳೆಯುವುದು ಎಂದು ಜನ ತಿಳಿದಿದ್ದಾರೆ. ಅಲ್ಲ, ಬದುಕೆಲ್ಲ ದಾರಿಯ ಜಗಳ. ಇಲ್ಲೇ ಕೊಪ್ಪದ ಹತ್ತಿರದ ನಾರ್ವೆ ಎಂಬ ಊರಿನ ಕಡೆ ಒಬ್ಬರು ದಾಯಾದಿಯ ಮನೆಯ ಸುತ್ತ ತಮ್ಮ ಹಕ್ಕಿನ ಜಾಗದಲ್ಲೇ, ಒಂದು ಗೇಣು ಆಚೀಚೆ ಆಗದ ಹಾಗೆ ಬೇಲಿ ಹಾಕಿಸಿದ್ದರು. ನಕ್ಷೆ ಪ್ರಕಾರ ಎಲ್ಲ ಸರಿ. ಆದರೆ ಒಳಗಿದ್ದ ಮನುಷ್ಯ ಹಾಲು ತರಲು ಹೊರಗೆ ಬರುವ ಹಾಗಿರಲಿಲ್ಲ. ನಾನು ಗಡಿಕಲ್ಲಿನ ಮೇಲೆ ನಿಂತು, ಕಾನೂನು ಬೇರೆ, ಮನುಷ್ಯ ಬೇರೆ, ಒಂದು ಮಾರು ದಾರಿ ಬಿಡಿ ಎಂದು ಉಪದೇಶ ಮಾಡಿ, ಬೇಲಿ ಹಾಕಿಸಿದವರ ಮನೆಯಲ್ಲೇ ಕಾಫಿ ಕುಡಿದು ಬಂದಿದ್ದೆ. ಆ ಉಪದೇಶವೆಲ್ಲ ಭೂಮಿಗೆ ಮಾತ್ರ. ಅರವತ್ತನಾಲ್ಕು ಮನೆಯ ಹಲಗೆಗೂ ಅದು ಹೊಂದೀತು ಎಂದು ಹೊಳೆದಿರಲೇ ಇಲ್ಲ.

ಮಂತ್ರಿಯನ್ನು ತೆಗೆದು ಆನೆಯನ್ನು ಇಟ್ಟು ನೋಡಿದೆ. ಆನೆಗೆ ಓರೆನೋಟವಿಲ್ಲ; ಅದು ನೇರ ನಡೆಯುವ ಪ್ರಾಣಿ. ಆದ್ದರಿಂದ ಮೂಲೆಯ ಆ ಒಂದು ಮನೆ ಕಪ್ಪು ರಾಜನಿಗೆ ಬಿಟ್ಟೇ ಇದೆ. ಅವನು ಅಲ್ಲಿಗೇ ಹೋಗಬೇಕು, ಬೇರೆ ದಾರಿಯಿಲ್ಲ. ಹೋದ. ಆಗ ಬಿಳಿಯ ರಾಜ ಓರೆಯಾಗಿ ಒಂದು ಹೆಜ್ಜೆ ಮುಂದಿಟ್ಟು ಹತ್ತಿರ ಬರುತ್ತಾನೆ. ಈಗ ಕಪ್ಪು ರಾಜ ಪಕ್ಕಕ್ಕೆ ಸರಿಯಲಿ, ಇಲ್ಲವೇ ಅವನ ಕಾಲಾಳು ಒಂದು ಹೆಜ್ಜೆ ಇಡಲಿ, ಎರಡೂ ಒಂದೇ. ಆನೆ ಎಡ ಅಂಚಿನಲ್ಲೇ ಸರಸರನೆ ಕೆಳಗಿಳಿದು ಕೊನೆಯ ಸಾಲಿಗೆ ಬಂದು ನಿಲ್ಲುತ್ತದೆ. ರಾಜ ಸಿಕ್ಕಿದ. ಮೂರೇ ನಡೆ.

ನನ್ನ ಬಾಯಿಂದ ಹೊರಟದ್ದು ಇದು: "ಹೂಂ. ನನಗೂ ಹೀಗೇ ಅನ್ನಿಸ್ತಾ ಇತ್ತು."

"ಅನ್ನಿಸಿದ್ರೆ ಸರಿ" ಎಂದರು ಅತ್ತೆ. ಲೋಟ ತೊಳೆದಿಟ್ಟು ಮಲಗಲು ಹೋದರು.

ಮಹಜರಿನ ಎರಡನೆಯ ಭಾಗ. ಸ್ಥಳ ಅದೇ, ಮರುದಿನ ಶನಿವಾರ, ಹೊತ್ತು ಅದೇ ಹನ್ನೊಂದು. ಹಾಜರಿದ್ದವರು ಈ ಸಲ ನಾಲ್ವರು. ಅತ್ತೆಗೆ ಮಹಡಿಯ ಮೇಲೆ ಹೊಸ ಹಲ್ಲು ಹಾಕಿಸಿಕೊಂಡಾಗಿತ್ತು. ಹನ್ನೆರಡರ ಬಸ್ಸಿಗೆ ಊರಿಗೆ ಹೊರಟವರು ಅಲ್ಲಿಯವರೆಗೆ ಪುಟ್ಟಪ್ಪನ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಬ್ಯಾಗನ್ನು ಕಾಲ ಬಳಿ ಇಟ್ಟುಕೊಂಡು ಕೂತಿದ್ದರು. ಅವರನ್ನು ಬೇರೆಲ್ಲಾದರೂ ಕೂರಿಸಬಹುದಿತ್ತು. ಆ ಬುದ್ಧಿ ನನಗೆ ಹೊಳೆಯಲಿಲ್ಲ. ಕಳ್ಳತನ ನನಗೆ ಇನ್ನೂ ಅಭ್ಯಾಸವಿರಲಿಲ್ಲ.

ಶ್ರೀಧರಮೂರ್ತಿಗಳು ಒಳಬಂದವರೇ, "ಅಮ್ಮ, ಆ ಬ್ಯಾಗ್ ಸ್ವಲ್ಪ ಸರಿಸ್ಕೊಳ್ಳಿ" ಎಂದು ಹೇಳಿ, ಅತ್ತೆಗೆ ಬೆನ್ನು ಹಾಕಿ ನಿಂತು, ತಮ್ಮ ಭಾಷಣ ಶುರುಮಾಡಿದರು. ವಾರವೆಲ್ಲ ನೋಡಿದ್ದೇನೆ, ಇದಕ್ಕೆ ಉತ್ತರವೇ ಇಲ್ಲ, ಇದು ಅಚ್ಚಿನ ತಪ್ಪು ಎಂದರು. ನನ್ನ ಸೋಮವಾರದ ತೀರ್ಮಾನ ಅವರ ಬಾಯಲ್ಲಿ ಕೇಳಿದಾಗ ಎಷ್ಟು ಮೂರ್ಖತನದ್ದಾಗಿ ಕಂಡಿತು!

ನಾನು ಎದ್ದೆ. ಗಂಟಲು ಸರಿಮಾಡಿಕೊಂಡೆ. ಪುಟ್ಟಪ್ಪನ ಕೈಯಲ್ಲಿ ಹಲಗೆ ತೆಗೆಸಿ, ನಾಲ್ಕು ಕಾಯಿ ಇಟ್ಟು, ಕಾಲಾಳನ್ನು ಸರಿಸಿ, ಜೇಬಿನಿಂದ ಆನೆಯನ್ನು ತೆಗೆದು ಇಟ್ಟೆ. ಜೇಬಿನಲ್ಲಿ ಇಟ್ಟುಕೊಂಡು ಬಂದಿದ್ದೆ ಎಂಬುದನ್ನು ಗಮನಿಸಿ. ನಂತರ ಹತ್ತು ನಿಮಿಷ ಮಾತಾಡಿದೆ. ಶಕ್ತಿಯೇ ಎಲ್ಲವೂ ಅಲ್ಲ, ಕಡಿಮೆಯಲ್ಲಿ ಹೆಚ್ಚನ್ನು ಕಾಣಬೇಕು, ಎದುರಾಳಿಗೆ ಒಂದು ಹೆಜ್ಜೆ ಬಿಟ್ಟೇ ಅವನನ್ನು ಗೆಲ್ಲಬೇಕು. ಗಡಿಕಲ್ಲು, ಬೇಲಿ, ದಾರಿಯ ಹೋಲಿಕೆಯನ್ನೂ ಬಿಡಲಿಲ್ಲ. ಅತ್ತೆಯ ಮಾತುಗಳನ್ನೇ ನನ್ನ ಗಂಟಲಿನಲ್ಲಿ ಸ್ವಲ್ಪ ದಪ್ಪ ಮಾಡಿ ಹೇಳಿದೆ ಅಷ್ಟೆ.

ಶ್ರೀಧರಮೂರ್ತಿಗಳು ಹಲಗೆಯನ್ನು ನೋಡಿದರು. ರಾಜನನ್ನು ಅತ್ತ ಸರಿಸಿದರು, ಇತ್ತ ಸರಿಸಿದರು. ಕನ್ನಡಕ ತೆಗೆದು ಒರೆಸಿಕೊಂಡರು. ಅಲ್ಲಿಗೆ ನಾನು ಸುಮ್ಮನಿರಬಹುದಿತ್ತು.

"ಎಂತ ಮೂರ್ತಿಗಳೇ, ಇನ್ನೂ ಅಚ್ಚಿನ ತಪ್ಪೇನಾ? ಒಂದನೇ ಕ್ಲಾಸಿನ ಲೆಕ್ಕ ಅಂದಿದ್ರಿ. ಪುಟ್ಟಪ್ಪ, ಇವರಿಗೊಂದು ಸ್ಲೇಟು ಕೊಡು ಮಾರಾಯ."

ಪುಟ್ಟಪ್ಪ ನಗಲಿಲ್ಲ. ಶ್ರೀಧರಮೂರ್ತಿಗಳ ಮುಖ ಕೆಂಪಾಯಿತು. ಅವರು ಮೆಲ್ಲಗೆ ಕೇಳಿದರು: "ಇದು ನಿಮಗೇ ಹೊಳೆದದ್ದಾ?"

ಅದರಲ್ಲಿ ವ್ಯಂಗ್ಯವಿರಲಿಲ್ಲ. ನಿಜವಾಗಿ ಮೆಚ್ಚಿ ಕೇಳಿದ್ದರು. ಅದೇ ಕಷ್ಟವಾದದ್ದು. ನಾನು ಅವರ ಹೆಗಲ ಮೇಲಿನಿಂದ ಅತ್ತೆಯ ಕಡೆ ನೋಡಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ. ಪುಟ್ಟಪ್ಪ ಮಿಷನ್ನಿನ ಸೂಜಿಗೆ ನೂಲು ಪೋಣಿಸುವುದನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಎಂಬತ್ತನಾಲ್ಕು ವರ್ಷದಲ್ಲಿ ಅವರು ನೂಲು ಪೋಣಿಸಿದ್ದನ್ನು ಕಂಡೇ ಇರಲಿಲ್ಲ ಎನ್ನುವ ಹಾಗೆ.

"ಹೂಂ" ಎಂದೆ.

ಹನ್ನೆರಡಕ್ಕೆ ಐದು ನಿಮಿಷವಿರುವಾಗ ಅತ್ತೆಯ ಬ್ಯಾಗು ಎತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದೆ. ನಾನು ಹಲ್ಲು ಹೇಗಿದೆ ಎಂದೆ, ಅತ್ತೆ ತಲೆಯಾಡಿಸಿದರು. ಶೃಂಗೇರಿಯಲ್ಲಿ ಇಳಿದು ನೆಮ್ಮಾರಿನ ಬಸ್ಸು ಹತ್ತಿ ಎಂದೆ, ತಲೆಯಾಡಿಸಿದರು. ಅರವತ್ತು ವರ್ಷದಿಂದ ಅವರು ಓಡಾಡಿದ ದಾರಿ ಅದು. ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದರು. ಬಾಯಿಗೆ ಕೈ ಅಡ್ಡ ಹಿಡಿದು ಹೇಳಿದರು:

"ಈ ಹಲ್ಲು ಇನ್ನೂ ಸರಿ ಕೂತಿಲ್ಲ ಮಾಣಿ. ಮಾತಾಡಿದ್ರೆ ಬಿದ್ದೇ ಹೋಗ್ತದೆ. ಇಲ್ದಿದ್ರೆ ಅಲ್ಲೇ ಹೇಳಿಬಿಡ್ತಿದ್ದೆ."

ಬಸ್ಸು ಹೋಯಿತು. ಹಲ್ಲು ನಿಜವಾಗಿ ಸಡಿಲವಿತ್ತೇ ಎಂದು ನಾನು ಇಂದಿಗೂ ಕೇಳಿಲ್ಲ. ಡಾಕ್ಟರರು ಮಾತ್ರ, ಇಷ್ಟು ಚೆನ್ನಾಗಿ ಕೂತ ಸೆಟ್ಟನ್ನು ಈಚೆಗೆ ಮಾಡಿರಲಿಲ್ಲ ಎಂದು ಹೇಳಿದ್ದರು. ನನ್ನನ್ನು ಅಲ್ಲೇ, ಇಬ್ಬರ ಮುಂದೆ, ಅಲ್ಲಾಡದ ಹಾಗೆ ಕಟ್ಟಿಹಾಕುವುದು ಅವರಿಗೆ ಒಂದು ಮಾತಿನ ಕೆಲಸವಾಗಿತ್ತು. ಅವರು ಅಜ್ಜನ ಕಟ್ಟಳೆಯಂತೆ ನನಗೊಂದು ಮನೆ ಬಿಟ್ಟು ಹೋಗಿದ್ದರು. ಇನ್ನು ನಡೆಯಬೇಕಾದವನು ನಾನು.

ಅಂಗಡಿಗೆ ಹಿಂತಿರುಗಿದೆ. ಶ್ರೀಧರಮೂರ್ತಿಗಳು ತಮ್ಮ ಬಸ್ಸಿಗೆ ಇನ್ನೂ ಹೊತ್ತಿದ್ದುದರಿಂದ ಹಲಗೆಯ ಮುಂದೆಯೇ ಕೂತಿದ್ದರು. ನಾನು ಮಾತಾಡಲಿಲ್ಲ, ಮಾತಾಡಿದರೆ ಅದೂ ಭಾಷಣವಾಗುತ್ತಿತ್ತು. ಪುಟ್ಟಪ್ಪನ ಅಳತೆ ಪುಸ್ತಕದಿಂದ ಒಂದು ಹಾಳೆ ಕೇಳಿ ಪಡೆದು, ಈ ಸಲ ಕೇಳಿಯೇ ಪಡೆದು, ಅದರಲ್ಲಿ ದೊಡ್ಡಕ್ಷರದಲ್ಲಿ ಬರೆದೆ: "ಈ ವಾರದ ಸಮಸ್ಯೆಯನ್ನು ಬಿಡಿಸಿದವರು ನೆಮ್ಮಾರಿನ ಜಾನಕಮ್ಮ. ಅಧ್ಯಕ್ಷರಿಗೆ ಬರಲಿಲ್ಲ." ಗಾಜಿಗೆ ಅಂಟಿಸಿದೆ.

ಶ್ರೀಧರಮೂರ್ತಿಗಳು ಎದ್ದು ಬಂದು ಓದಿದರು. ಎರಡು ಸಲ ಓದಿದರು.

"ಯಾರು ಈ ಜಾನಕಮ್ಮ?"

"ನನ್ನತ್ತೆ. ಇಷ್ಟು ಹೊತ್ತು ಇಲ್ಲೇ ಸ್ಟೂಲಿನ ಮೇಲೆ ಕೂತಿದ್ರಲ್ಲ."

"ಅಯ್ಯೋ" ಎಂದರು ಅವರು. "ನಾನು ಅವರಿಗೆ ಬ್ಯಾಗ್ ಸರಿಸಿ ಅಂದೆ ಮಾರಾಯ್ರೇ!"

ಬೈಗುಳಕ್ಕೆ ನಾನು ಸಿದ್ಧನಾಗಿದ್ದೆ. ಅವರು ಬೈಯಲಿಲ್ಲ. ಆನೆ ಏಕೆ ಇಟ್ಟರು, ಅವರಿಗೆ ಯಾರು ಕಲಿಸಿದ್ದು, ಅವರ ಆಟದಲ್ಲಿ ಬೇರೆ ಏನೇನು ಕಟ್ಟಳೆ ಎಂದು ಒಂದೊಂದಾಗಿ ಕೇಳಿದರು. ನನಗೆ ನೆನಪಿದ್ದಷ್ಟು ಹೇಳಿದೆ. ಸ್ಲೇಟಿನ ಮಾತಿಗೆ ಕ್ಷಮೆಯನ್ನೂ ಕೇಳಿದೆ; ಅದನ್ನು ಅವರು ಬಡ್ಡಿಯಿಲ್ಲದೆ ಮನ್ನಾ ಮಾಡಿದರು. ಎನ್.ಆರ್. ಪುರಕ್ಕೆ ಅವರೇ ಹೋಗುವುದೆಂದು ಆಯಿತು. ಅಧ್ಯಕ್ಷ ಯಾರಾಗಬೇಕು ಎಂಬ ಮಾತು ಬಂದಾಗ ಪುಟ್ಟಪ್ಪ ಕೊನೆಗೂ ಬಾಯಿಂದ ಸೂಜಿ ತೆಗೆದ.

"ಯಾರು ಬೇಕಾದ್ರೂ ಆಗಿ ಸಾರ್. ಕಪಾಟಿನ ಬೀಗದ ಕೈ ನನ್ನ ಹತ್ರ ಇರ್ತದೆ."

ಮುಂದಿನ ಶನಿವಾರ ನಾನು ಹನ್ನೊಂದಕ್ಕೇ ಹೋಗಿ, ಕುರ್ಚಿಯನ್ನು ಖಾಲಿ ಬಿಟ್ಟು, ಸ್ಟೂಲಿನ ಮೇಲೆ ಕೂತು ಕಾದೆ. ಶೃಂಗೇರಿಯ ಬಸ್ಸು ಬಂತು, ಶ್ರೀಧರಮೂರ್ತಿಗಳು ಬರಲಿಲ್ಲ. ಎರಡನೆಯ ಬಸ್ಸಿಗೂ ಬರಲಿಲ್ಲ. ನೊಂದುಕೊಂಡಿರಬೇಕು ಎಂದು ಪುಟ್ಟಪ್ಪ ಹೇಳಿದ. ನನಗೂ ಹಾಗೇ ಅನ್ನಿಸಿ, ಮನೆಗೆ ಬಂದು ಊಟ ಸೇರದೆ ಕೂತಿದ್ದೆ.

ಸಂಜೆ ಅತ್ತೆಯ ಫೋನು ಬಂತು. ಧ್ವನಿ ಸ್ಪಷ್ಟವಾಗಿತ್ತು, ಹಲ್ಲು ಎಲ್ಲಿಯೂ ಅಲ್ಲಾಡುತ್ತಿರಲಿಲ್ಲ.

"ನಿನ್ನ ಬ್ಯಾಂಕಿನವರು ಬಂದಿದ್ರು ಮಾಣಿ. ಬೆಳಿಗ್ಗೆಯೇ ನೆಮ್ಮಾರಿನ ಬಸ್ಸು ಹತ್ತಿ ಬಂದ್ರಂತೆ. ಹಳೇ ಹಾಸು ತೆಗೆಸಿದ್ರು. ಮೂರು ಆಟ ಆಡಿದ್ವಿ."

"ಯಾರು ಗೆದ್ರು?"

"ಎರಡು ನಾ ಗೆದ್ದೆ. ಮೂರನೇದು ಅವರಿಗೆ ಬಿಟ್ಟೆ. ಅಷ್ಟು ದೂರ ಬಸ್ಸಿನಲ್ಲಿ ಹೋಗ್ಬೇಕಲ್ಲ, ಪಾಪ" ಎಂದರು. ಆಮೇಲೆ ಕೇಳಿದರು: "ನೀ ಯಾವಾಗ ಬರ್ತೆ?"